ಕಬ್ಬಿಣದ ಸಿಂಬಿ

ನನ್ನ ಮೋಟಾರ್‌ಸೈಕಲ್ಲಿನ ಹಿಂದಿರುವ ಕ್ಯಾರಿಯರ್ ನೋಡಿದವರೆಲ್ಲ ಕೇಳುವ ಪ್ರಶ್ನೆ ಒಂದೇ. ಕಳೆದ ವಾರ ಮಿರಜಿನ ಪೆಟ್ರೋಲ್ ಪಂಪಿನಲ್ಲೂ ಅದೇ ಆಯಿತು. ಪೆಟ್ರೋಲ್ ಹಾಕುವವನು ಕ್ಯಾರಿಯರಿನ ನಡುವಿನ ದುಂಡು ಕಬ್ಬಿಣವನ್ನು ಬೆರಳಿನಿಂದ ಬಾರಿಸಿ, "ಹಾಲಿನ ಧಂದಾ ಏನ್ರಿ ಕಾಕಾ?" ಅಂದ. ಹೌದೆಂದೆ. ಹಾಲು ಅಂದರೆ ಮಾತು ಅಲ್ಲಿಗೇ ಮುಗಿಯುತ್ತದೆ. ನೀರು ಅಂದರೆ ಯಾವ ನೀರು, ಯಾರಿಗೆ, ಯಾಕೆ ಎಂದು ಶುರುವಾಗುತ್ತದೆ. ಹಿಂದೆ ನಾಲ್ಕು ಗಾಡಿಗಳು ಹಾರ್ನ್ ಹೊಡೆಯುತ್ತಿರುವಾಗ ಅದನ್ನೆಲ್ಲ ಹೇಳುತ್ತ ನಿಲ್ಲುವುದು ಆಗುವ ಮಾತಲ್ಲ.

ಆದರೆ ಅವನ ಬೆರಳು ತಾಗಿ ಆ ಕಬ್ಬಿಣ ಠಣ್ ಅಂದದ್ದು ಮನೆಯವರೆಗೂ ನನ್ನ ಜೊತೆಗೇ ಬಂತು. ಆ ಬೇಸಿಗೆಯಲ್ಲಿ ಹಗಲೆಲ್ಲ ನಾನು ಕೇಳಿದ ಸದ್ದು ಅದೇ. ಕಬ್ಬಿಣದ ಬಳೆಯೊಳಗೆ ಹಿತ್ತಾಳೆಯ ಕೊಡ ಕುಣಿಯುವ ಸದ್ದು.

ಆಗ ನನ್ನ ಅಕ್ಕ ಸುನಂದಾ ದೀಕ್ಷೆ ತೆಗೆದುಕೊಂಡು ನಾಲ್ಕು ವರ್ಷವಾಗಿತ್ತು. ನಮ್ಮ ಜೈನರಲ್ಲಿ ಸಂಸಾರ ಬಿಟ್ಟು ಸನ್ಯಾಸಿನಿಯಾದ ಹೆಣ್ಣುಮಗಳನ್ನು ಆರ್ಯಿಕೆ ಅನ್ನುತ್ತೇವೆ. ಉಡಲು ಒಂದು ಬಿಳಿ ಸೀರೆ, ಒಂದು ಕೈಯಲ್ಲಿ ನವಿಲುಗರಿಯ ಪಿಂಛಿ, ಇನ್ನೊಂದರಲ್ಲಿ ಕಮಂಡಲು, ಇಷ್ಟೇ ಆಸ್ತಿ. ಊರಿಂದ ಊರಿಗೆ ಬರಿಗಾಲಲ್ಲಿ ನಡೆಯಬೇಕು, ಯಾವ ವಾಹನವನ್ನೂ ಹತ್ತುವಂತಿಲ್ಲ. ದಿನಕ್ಕೆ ಒಂದೇ ಸಲ ಊಟ, ಅದೂ ಬೊಗಸೆಯಲ್ಲಿ. ನೀರು ಕುಡಿಯುವುದೂ ಆ ಊಟದಲ್ಲೇ. ಆಮೇಲೆ ಮರುದಿನದ ಊಟದವರೆಗೆ ಒಂದು ಹನಿಯೂ ಇಲ್ಲ.

ದೀಕ್ಷೆಗೆ ಮನೆಯವರ ಒಪ್ಪಿಗೆ ಬೇಕೇ ಬೇಕು. ನಮ್ಮ ಅವ್ವ, ಬಾಬಾ ಇಬ್ಬರೂ ತೀರಿಹೋಗಿದ್ದರಿಂದ ತುಂಬಿದ ಸಭೆಯಲ್ಲಿ ಎದ್ದು ನಿಂತು "ಒಪ್ಪಿಗಿ ಐತ್ರಿ" ಅಂದವನು ನಾನೇ. ಬೇಡ ಅನ್ನಲೆಂದೇ ಎದ್ದಿದ್ದೆ. ಅವಳ ಮುಖ ನೋಡಿದೆ, ಬಾಯಿಂದ ಬೇರೆಯೇ ಮಾತು ಬಂತು. ಅಂದಿನಿಂದ ನನ್ನ ಬಾಯಿಯ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ.

ಆ ವರ್ಷ ಚೈತ್ರದ ಹೊತ್ತಿಗೆ ಸುದ್ದಿ ಬಂತು. ಅಕ್ಕ ಮತ್ತು ಅವಳಿಗಿಂತ ಹಿರಿಯರಾದ ಇನ್ನೊಬ್ಬ ಆರ್ಯಿಕೆ ಲಿಂಗನೂರಿಗೆ ಬಂದು, ಮಿರಜ, ಸಾಂಗ್ಲಿ ದಾಟಿ, ಸಾಂಗ್ಲಿವಾಡಿಯ ಮೇಲಿಂದ ಉತ್ತರಕ್ಕೆ ನಡೆಯುವವರಿದ್ದರು. ಹತ್ತು ದಿನದ ದಾರಿ. ಅಷ್ಟೂ ದಿನ ಅವರ ಅಡಿಗೆಯ ಜವಾಬ್ದಾರಿ, ಅಂದರೆ ನಾವು ಚೌಕಾ ಅನ್ನುತ್ತೇವಲ್ಲ ಅದು, ನಮ್ಮ ಮನೆಗೆ ಸಿಕ್ಕಿತು. ನನ್ನ ಹೆಂಡತಿ ರಾಜಮತಿಗೆ ಸಂತೋಷದಿಂದ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ನನಗೂ ಸಂತೋಷವೇ. ಆದರೆ ನನ್ನ ಸಂತೋಷದಲ್ಲಿ ಒಂದು ಕಳ್ಳತನವಿತ್ತು. ಹತ್ತು ದಿನದಲ್ಲಿ ಒಂದಲ್ಲ ಒಂದು ಹೊತ್ತಿನಲ್ಲಿ ಅಕ್ಕ ನನ್ನನ್ನು ಹಳೆಯ ಹಾಗೆ "ಭರತ್ಯಾ" ಅಂತ ಕರೆಯಬಹುದು, ನಾನು "ಅಕ್ಕಾ" ಅನ್ನಬಹುದು ಎಂಬ ಆಸೆ ಅದು.

ಗಂಟು ಬಿದ್ದದ್ದು ನೀರಿನದು. ಚೌಕಾದ ನೀರು ಬಾವಿಯದೇ ಆಗಬೇಕು, ಕೈಯಿಂದ ಸೇದಿದ್ದಾಗಬೇಕು. ಈಗ ನಮ್ಮ ಕಡೆ ಬಾವಿ ಎಲ್ಲಿವೆ? ಎಲ್ಲಿ ನೋಡಿದರೂ ಬೋರು. ಉಳಿದಿರುವುದು ಲಿಂಗನೂರಿನ ನಮ್ಮ ಕಾಕಾನ ಹೊಲದ್ದೊಂದು, ಹರಿಪುರದಲ್ಲಿ ಪರಿಚಯದವರದೊಂದು. ಅವರು ತಂಗುವಲ್ಲಿಗೆಲ್ಲ ಅಲ್ಲಿಂದ ನೀರು ಒಯ್ಯಬೇಕು. ದೊಡ್ಡ ಸಂಘಗಳ ಹಿಂದೆ ಟೆಂಪೊ ಇರುತ್ತದೆ. ಇವರು ಇಬ್ಬರೇ, ಹಿಂದೆ ನಾವಿಬ್ಬರು. ರಾಜಮತಿ ಪಾತ್ರೆ ಪಡಗಗಳೊಡನೆ ಬಸ್ಸಿನಲ್ಲಿ ಬರುವಳು. ಕೊಡ ಮಾತ್ರ ನನ್ನ ಗಾಡಿಯ ಪಾಲಿಗೆ ಬಂತು.

ನಾನು ಮಿರಜಿನಲ್ಲಿ ನೀರೆತ್ತುವ ಮೋಟಾರುಗಳ ರಿವೈಂಡಿಂಗ್ ಮಾಡುವವನು. ತಾಮ್ರದ ತಂತಿ ಗೊತ್ತು, ಕಬ್ಬಿಣ ಗೊತ್ತಿಲ್ಲ. ಆದರೂ ಈ ಕ್ಯಾರಿಯರನ್ನು ನನ್ನ ಕೈಯಾರೆ ಮಾಡಬೇಕೆಂದು ಹಟ ಹಿಡಿದೆ. ಅಕ್ಕನಿಗಾಗಿ ಮಾಡಲು ನನಗೆ ಇನ್ನೇನು ಉಳಿದಿತ್ತು? ಬಟ್ಟೆ ಕೊಡಿಸುವಂತಿಲ್ಲ, ಚಪ್ಪಲಿ ಕೊಡಿಸುವಂತಿಲ್ಲ, ಕಾಲು ನೋಯುತ್ತದೆಯೇ ಎಂದು ಕೇಳುವಂತೆಯೂ ಇಲ್ಲ. ನಮ್ಮ ಓಣಿಯ ತುದಿಯಲ್ಲಿ ವೆಲ್ಡಿಂಗ್ ದುಕಾನು ಇಟ್ಟಿರುವ ಶೌಕತ್ ಮಾಮಾ ಮೊದಲು ನಕ್ಕರು, ಆಮೇಲೆ ಮಷೀನು ಬಿಟ್ಟುಕೊಟ್ಟರು.

"ಎಲ್ಲಿ ಇಡಾಂವ ಕೊಡಾ?" ಅಂದರು.

ಹಿಂದಿನ ಕೆಂಪು ದೀಪದ ಮೇಲಿನ ಜಾಗ ತೋರಿಸಿದೆ.

"ಹುಚ್ಚಾ ಆಗೀಯೇನ? ತುಂಬಿದ ಕೊಡಾ ಅಷ್ಟ ಹಿಂದ ಇಟ್ರ ಮುಂದಿನ ಗಾಲಿ ಎದ್ದ ನಿಂದರತೈತಿ. ಸೀಟಿನ ಮ್ಯಾಲ ಬರಬೇಕ ಅದು. ಹಿಂದಿನ ಅರ್ಧಾ ಸೀಟ ತಗದ ಬಿಡು. ಹಿಂದ ಯಾರ ಕುಂದರ್ತಾರ?"

"ಈಗ ಯಾರೂ ಇಲ್ರಿ ಮಾಮಾ," ಅಂದೆ.

ರಾಜಮತಿ ಎಲ್ಲಿಗೆ ಹೋದರೂ ಬಸ್ಸಿನಲ್ಲೇ. ಆ ಸೀಟಿನ ಮೇಲೆ ಒಂದು ವರ್ಷ ಕೂತವಳು ಅಕ್ಕ. ಬಾಬಾ ಕಾಯಿಲೆಯಾಗಿ ಮಿರಜಿನ ದವಾಖಾನೆಯಲ್ಲಿದ್ದಾಗ, ಆಗ ನಮ್ಮ ಮನೆಯಿದ್ದ ಲಿಂಗನೂರಿನಿಂದ ದಿನಾ ಇದೇ ಗಾಡಿಯಲ್ಲಿ ಹೋಗಿಬರುತ್ತಿದ್ದೆವು. ಊಟದ ಡಬ್ಬಿ, ಔಷಧದ ಚೀಲ, ಬಾಬಾನ ಒಗೆದ ಬಟ್ಟೆ ಎಲ್ಲವೂ ಅವಳ ತೊಡೆಯ ಮೇಲೆ. ಆಗ ಗಾಡಿಗೆ ಕ್ಯಾರಿಯರ್ ಬೇಕು ಅನ್ನಿಸಿರಲೇ ಇಲ್ಲ. ಶೌಕತ್ ಮಾಮಾ ಕೊಟ್ಟ ಹರಿತದ ಚಾಕುವಿನಿಂದ ಸೀಟನ್ನು ಕೊಯ್ದೆ. ಒಳಗಿನ ಫೋಮು ಹಳದಿಯಾಗಿತ್ತು.

ಮನೆಯ ಮೂಲೆಯಲ್ಲಿ ಬಿದ್ದಿದ್ದ ಹಳೆಯ ಕೂಲರ್ ಸ್ಟ್ಯಾಂಡನ್ನು ಕತ್ತರಿಸಿ ಚೌಕಟ್ಟು ಮಾಡಿದೆ. ಅದರ ನಡುವೆ ಕೊಡ ಕೂರಲು ಒಂದು ಬಳೆ ಬೇಕು. ಹೆಂಗಸರು ತಲೆಯ ಮೇಲೆ ಕೊಡದ ಕೆಳಗೆ ಬಟ್ಟೆಯ ಸಿಂಬಿ ಇಟ್ಟುಕೊಳ್ಳುತ್ತಾರಲ್ಲ, ಹಾಗೆ ಗಾಡಿಗೊಂದು ಕಬ್ಬಿಣದ ಸಿಂಬಿ. ರಾಜಮತಿ ದಾರ ಸುತ್ತಿ ಕೊಡದ ಅಳತೆ ಕೊಟ್ಟಳು. ಬಾಗಿಸುವ ಮುಂಚೆ ಶೌಕತ್ ಮಾಮಾ, "ಅಳತಿಗಿಂತ ಅರ್ಧಾ ಹೆಚ್ಚ ಬಿಡು, ಕೊಡಾ ಸಿಗಬೀಳಬಾರದು" ಎಂದು ಹೇಳಿ ಚಹಾಕ್ಕೆ ಹೋದರು. ನಾನು ಅರ್ಧ ಇಂಚು ಬಿಟ್ಟೆ, ಅದೂ ಸುತ್ತಲೂ. ಅವರು ಹೇಳಿದ್ದು ಅರ್ಧ ಸೂತು. ಕಬ್ಬಿಣದವರ ಲೆಕ್ಕದಲ್ಲಿ ಇಂಚಿಗೆ ಎಂಟು ಸೂತು. ಚಹಾ ಕುಡಿದು ಬಂದವರು ಬಳೆಯೊಳಗೆ ಕೊಡವನ್ನು ಅಲುಗಾಡಿಸಿ ನೋಡಿ, "ಅರೇ ದೇವಾ, ಇದು ಕೊಡಾ ಇಡಾಕ ಮಾಡಿದ್ಯೋ, ಜೋಕಾಲಿ ಆಡಸಾಕೋ?" ಅಂದರು. ಕಿತ್ತು ಮತ್ತೆ ಮಾಡಲು ಹೊತ್ತಿರಲಿಲ್ಲ. ಮರುದಿನ ಅವರು ದುಕಾನಿಗೆ ಬೀಗ ಹಾಕಿ ಮಗಳ ಊರಿಗೆ ಹೋದರು. ನಾನು ಮೂರು ಕಡೆ ಬೆಸುಗೆ ಗಂಟುಗಟ್ಟಿದ, ಹಸಿರು ಬಣ್ಣ ಬಳಿದ ಕ್ಯಾರಿಯರ್ ಕಟ್ಟಿಕೊಂಡು ಲಿಂಗನೂರಿಗೆ ಹೊರಟೆ.

ನಾಲ್ಕು ವರ್ಷದ ಮೇಲೆ ಅಕ್ಕನನ್ನು ನೋಡಿದ್ದು ಲಿಂಗನೂರಿನ ಬಸದಿಯ ಕಟ್ಟೆಯ ಮೇಲೆ. ಬಿಸಿಲಿಗೆ ಮುಖ ಕಪ್ಪಾಗಿತ್ತು. ವ್ರತದಂತೆ ಕೂದಲು ಕಿತ್ತ ತಲೆ ಚಿಕ್ಕದಾಗಿ ಕಂಡಿತು. ಹಿಮ್ಮಡಿಯ ಒಡಕುಗಳು ನನ್ನ ಬೆರಳು ಹೋಗುವಷ್ಟಿದ್ದವು. ನಮಸ್ಕಾರ ಮಾಡಲು ಬಾಗಿದವನ ಬಾಯಲ್ಲಿ ತಾನಾಗಿ "ಅಕ್ಕಾ..." ಎಂದು ಬಂತು.

ಅವಳು ಕಣ್ಣು ಎತ್ತಲಿಲ್ಲ. ಪಕ್ಕದಲ್ಲಿದ್ದ ಹಿರಿಯ ಆರ್ಯಿಕೆ ಮೆತ್ತಗೆ ಹೇಳಿದರು: "ಅಕ್ಕ ಅಲ್ಲಪಾ, ಮಾತಾಜಿ. ಆ ಸಂಬಂಧ ಬಿಟ್ಟ ಬಂದಾರ ಅವ್ರು. ನೀ ಹಂಗ ಕರದರ ಅವ್ರಿಗೂ ತ್ರಾಸ, ನಿನಗೂ ತ್ರಾಸ."

"ತಪ್ಪಾತ್ರಿ. ವಂದಾಮಿ ಮಾತಾಜಿ," ಅಂದೆ.

ಅಕ್ಕ ಪಿಂಛಿ ಎತ್ತಿ ಆಶೀರ್ವಾದ ಮಾಡಿದಳು. ಎಲ್ಲರಿಗೂ ಮಾಡುವ ಹಾಗೆಯೇ, ಒಂದು ಎಳೆ ಹೆಚ್ಚಿಲ್ಲ, ಒಂದು ಎಳೆ ಕಡಿಮೆ ಇಲ್ಲ. ನನಗೆ ಸಿಟ್ಟು ಬಂತು. ಅಂದಿನಿಂದ ಕೊಡ ಹೊತ್ತು ಹೋಗುವಾಗ ದಾರಿಯುದ್ದಕ್ಕೂ ಹೆಲ್ಮೆಟ್ಟಿನೊಳಗೆ "ಮಾತಾಜಿ, ಮಾತಾಜಿ" ಎಂದು ರೂಢಿ ಮಾಡಿಕೊಳ್ಳತೊಡಗಿದೆ. ಮಗ್ಗಿ ಬಾರದ ಹುಡುಗ ಉರು ಹೊಡೆಯುವ ಹಾಗೆ.

ಕೊಡ ಮಾತ್ರ ಯಾವ ರೂಢಿಗೂ ಬರಲಿಲ್ಲ. ನೂಲಿನ ಹಗ್ಗದಿಂದ ಕಟ್ಟಿದರೆ ಹಗ್ಗ ನೆನೆದು ಸಡಿಲವಾಗುತ್ತಿತ್ತು. ಟ್ಯೂಬಿನ ಪಟ್ಟಿ ಕಟ್ಟಿದರೆ ಅದು ಕೊಡದ ಜೊತೆ ತಾನೂ ಕುಣಿಯುತ್ತಿತ್ತು. ಸಂದಿಯಲ್ಲಿ ಬಟ್ಟೆ ತುರುಕಿದರೆ ಎರಡು ಹಂಪು ದಾಟುವುದರೊಳಗೆ ರಸ್ತೆಯ ಮೇಲೆ. ಬೆಳಿಗ್ಗೆ ತುಂಬಿದ ಕೊಡ ಹೊತ್ತು ಹೊರಟವನು ಬೆನ್ನೆಲ್ಲ ಒದ್ದೆ ಮಾಡಿಕೊಂಡು ಅರ್ಧ ಕೊಡದೊಂದಿಗೆ ಮುಟ್ಟುತ್ತಿದ್ದೆ. ರಾಜಮತಿ ಕೊಡದೊಳಗೆ ಇಣುಕಿ ನೋಡಿ, "ನೀರ ತರಾಕ ಹೋಗಿದ್ರೊ, ಜಳಕಾ ಮಾಡಾಕ ಹೋಗಿದ್ರೊ?" ಎನ್ನುವಳು. ಆ ಅರ್ಧ ಕೊಡದಲ್ಲೇ ಹಿಟ್ಟು ಕಲಸಿ, ಬೇಳೆ ಬೇಯಿಸಿ, ಇಬ್ಬರಿಗೂ ಕುಡಿಯಲು ಕಾಯಿಸಿದ ನೀರು ಉಳಿಸಬೇಕು. ಮೂರನೆಯ ದಿನ ಹಿರಿಯರು ನಾಲ್ಕು ಬೊಗಸೆ ಕುಡಿದರು, ಅಕ್ಕನಿಗೆ ಬಂದದ್ದು ಎರಡೇ. ಪಾತ್ರೆ ಖಾಲಿಯಾದದ್ದು ಅವಳಿಗೆ ಕಂಡಿತು. ಮೂರನೆಯ ಸಲ ಚಾಚಬೇಕಿದ್ದ ಕೈಯನ್ನು ಅವಳು ಮಡಿಚಿಕೊಂಡಳು. ಹೊರಗೆ ಬಿಸಿಲು ಕೆಂಡ ಸುರಿಯುತ್ತಿತ್ತು.

ಆ ಸಂಜೆ ಮನೆಗೆ ಬಂದು ಅಟ್ಟದ ಮೇಲೆಲ್ಲ ಹುಡುಕಿದೆ. ಹಿಗ್ಗದ, ಜಾರದ ಒಂದು ಪಟ್ಟಿ ಬೇಕಿತ್ತು. ಸಿಕ್ಕಿತು. ಬಾಬಾನ ಚೀಲದ ಪಟ್ಟಾ. ಬಾಬಾ ಬಸ್ ಕಂಡಕ್ಟರ್ ಆಗಿದ್ದ. ನಿವೃತ್ತಿಯ ದಿನ ಹರಿದುಹೋದ ತನ್ನ ಹಳೆಯ ಚೀಲವನ್ನು ಕೇಳಿ ಮನೆಗೆ ತಂದಿದ್ದ. ನಾವು ಚಿಕ್ಕವರಿದ್ದಾಗ ಬಾಬಾ ಡ್ಯೂಟಿ ಮುಗಿಸಿ ಬಂದರೆ ಅಕ್ಕ ಅದನ್ನು ಕೊರಳಿಗೆ ಹಾಕಿಕೊಂಡು, ಮೊಣಕಾಲಿಗೆ ಬಡಿಯುವ ಚೀಲವನ್ನು ಎಳೆಯುತ್ತ, "ಟಿಕೀಟ್, ಟಿಕೀಟ್, ಭರತ್ಯಾ ಮುಂದ ಸರಿ" ಎಂದು ಇಡೀ ಪಡಸಾಲೆ ತಿರುಗುತ್ತಿದ್ದಳು. ಚೀಲವನ್ನು ಇಲಿ ತಿಂದಿತ್ತು. ಪಟ್ಟಾ ಗಟ್ಟಿಯಿತ್ತು, ಹಿತ್ತಾಳೆಯ ಬಕಲ್ ಕೂಡ ಹಾಗೇ ಇತ್ತು. ಕೊಡದ ಕೊರಳಿಗೆ ಸುತ್ತಿ ಬಿಗಿದು ನೋಡಿದೆ. ಕೊಡ ಮಿಸುಕಲಿಲ್ಲ.

ಮರುದಿನ ಲಿಂಗನೂರಿನ ಬಾವಿಯಿಂದ ಮಿರಜಿನ ದಾರಿಯಲ್ಲಿರುವ ಒಂದು ತೋಟದ ಮನೆಗೆ ತುಂಬಿದ ಕೊಡ ತುಂಬಿದ ಹಾಗೇ ಬಂತು. ಒಂದು ಹನಿ ಚೆಲ್ಲಿರಲಿಲ್ಲ. ರಾಜಮತಿ ಕೂಡ ಬಾಯಿ ಮುಚ್ಚಿಕೊಂಡು ನಕ್ಕಳು. ನಾನು ಸ್ನಾನ ಮಾಡಿ, ಒದ್ದೆ ಧೋತರ ಉಟ್ಟು, ಕೈಯಲ್ಲಿ ಕಲಶ ಹಿಡಿದು ಬಾಗಿಲಲ್ಲಿ ನಿಂತೆ. ಆ ದಿನದ ಚೌಕಾ ಅದೊಂದೇ. ಸುತ್ತ ಕಬ್ಬು, ಬೇರೆ ಮನೆಯಿಲ್ಲ.

ಇಬ್ಬರೂ ಬಂದರು. "ವಂದಾಮಿ ಮಾತಾಜಿ, ಅತ್ರ ಅತ್ರ, ತಿಷ್ಠ ತಿಷ್ಠ" ಎಂದು ಕರೆದೆವು. ನಿಂತರು. ಪ್ರದಕ್ಷಿಣೆ ಹಾಕಿದೆವು. ಇನ್ನು ಒಂದೇ ಮಾತು ಬಾಕಿ. ಮನ ಶುದ್ಧ, ವಚನ ಶುದ್ಧ, ಕಾಯ ಶುದ್ಧ, ಆಹಾರ ಜಲ ಶುದ್ಧ ಎಂದು ಮನೆಯವರು ಬಾಯಿಬಿಟ್ಟು ಹೇಳಬೇಕು. ಅದನ್ನು ಕೇಳಿದ ಮೇಲೆಯೇ ಅವರು ಒಳಗೆ ಕಾಲಿಡುವುದು.

"ಮನ ಶುದ್ಧ, ವಚನ ಶುದ್ಧ, ಕಾಯ ಶುದ್ಧ," ಅಂದೆ. ಅವರ ಬೆನ್ನ ಹಿಂದೆ, ಅಂಗಳದಲ್ಲಿ ನನ್ನ ಗಾಡಿ ನಿಂತಿತ್ತು. ಕ್ಯಾರಿಯರಿನಿಂದ ಪಟ್ಟಾ ಜೋತು ಬಿದ್ದಿತ್ತು. ಬಿಸಿಲಿಗೆ ಬಕಲ್ ಫಳಕ್ಕೆಂದಿತು, ಮತ್ತು ಆ ಪಟ್ಟಾ ಯಾತರದ್ದು ಎಂಬುದು ಆಗ ನನ್ನ ತಲೆಗೆ ಬಂತು.

ತೊಗಲಿನದು. ತೊಗಲು ತಾಗಿದ ಪಾತ್ರೆಯ ನೀರು ಅವರಿಗೆ ವರ್ಜ್ಯ. ಇದು ನಮ್ಮಲ್ಲಿ ಕೂಸಿಗೂ ಗೊತ್ತು, ನನಗೂ ಗೊತ್ತು. ಆದರೆ ಹುಟ್ಟಿದಾಗಿನಿಂದ ಅದು ನನಗೆ ಬಾಬಾನ ಪಟ್ಟಾ ಆಗಿತ್ತು. ಅದು ಸತ್ತ ಪ್ರಾಣಿಯ ತೊಗಲು ಎಂದು ಒಂದು ದಿನವೂ ಹೊಳೆದಿರಲಿಲ್ಲ.

ಹೇಳಿದರೆ ಇಬ್ಬರೂ ತಿರುಗಿ ಹೋಗುತ್ತಾರೆ. ನಾಳೆ ಈ ಹೊತ್ತಿನವರೆಗೆ ಅನ್ನವಿಲ್ಲ, ನೀರಿಲ್ಲ, ನಡುವೆ ಮಿರಜಿನವರೆಗಿನ ಟಾರು ರಸ್ತೆ. ಹೇಳದಿದ್ದರೆ ಅಕ್ಕ ಹೊಟ್ಟೆ ತುಂಬ ನೀರು ಕುಡಿಯುತ್ತಾಳೆ, ನಾಲ್ಕು ವರ್ಷ ಕಾಯ್ದ ಅವಳ ವ್ರತ ನನ್ನ ಕೈಯಿಂದ ಕೆಡುತ್ತದೆ, ಅದು ಅವಳಿಗೆ ಗೊತ್ತೂ ಆಗುವುದಿಲ್ಲ. ರಾಜಮತಿ ಮೊಣಕೈಯಿಂದ ತಿವಿದಳು. ಅಕ್ಕನ ತುಟಿಗಳು ಒಣಗಿ ಬಿಳಿಯಾಗಿದ್ದವು. ನಾನು ಆ ತುಟಿಗಳನ್ನೇ ನೋಡುತ್ತ ನಿಂತೆ.

"ನೀರ ಶುದ್ಧ ಇಲ್ರಿ," ಅಂದೆ. "ಕೊಡಕ್ಕ ಕಟ್ಟಿದ ಪಟ್ಟಾ ತೊಗಲಿಂದೈತ್ರಿ. ಈಗ ನೆನಪಾತು."

ಅಕ್ಕ ತಿರುಗಿ ಗಾಡಿಯ ಕಡೆ ನೋಡಿದಳು. ಅವಳ ಕಣ್ಣು ಅಲ್ಲಿ ಸ್ವಲ್ಪ ಹೊತ್ತು ನಿಂತಿತು. ಕ್ಯಾರಿಯರ್ ನೋಡುತ್ತಿದ್ದಾಳೆ, ತನ್ನ ಸೀಟು ಹೋದದ್ದನ್ನು ನೋಡುತ್ತಿದ್ದಾಳೆ ಎಂದುಕೊಂಡೆ. ಹಿರಿಯ ಮಾತಾಜಿ, "ಖರೇ ಹೇಳ್ದಿ, ಚಲೋ ಆತು. ಜೀವಕ್ಕ ಹಚ್ಚಿಕೋಬ್ಯಾಡ" ಅಂದರು. ಇಬ್ಬರೂ ಪಿಂಛಿ ಎತ್ತಿ, ಬಂದ ದಾರಿಯಲ್ಲೇ ತಿರುಗಿ ಬೇವಿನ ಮರದ ಕೆಳಗೆ ಹೋಗಿ ಕೂತರು.

ರಾಜಮತಿ ಒಲೆಯ ಮುಂದೆ ಕುಸಿದಳು. "ಒಂದ ಸುಳ್ಳ ಹೇಳಿದ್ರ ಏನ ಗಂಟ ಹೋಗತಿತ್ರಿ ನಿಮ್ದು?" ಅಂದಳು. ಅಂದ ತಕ್ಷಣ ತನ್ನ ಗಲ್ಲಕ್ಕೆ ತಾನೇ ಪಟಪಟ ಬಡಿದುಕೊಂಡು ಅಳತೊಡಗಿದಳು.

ನಾಲ್ಕು ಗಂಟೆಗೆ ಅವರು ಹೊರಟರು. ನಾನು ಪಟ್ಟಾ ಬಿಚ್ಚಿ ಡಿಕ್ಕಿಯೊಳಗೆ ತುರುಕಿ, ಮೊದಲ ಗೇರಿನಲ್ಲಿ ಕಾಲು ಎಳೆಯುತ್ತ ಹಿಂದೆ ಹೊರಟೆ. ಟಾರು ಕಾದು ಚಪ್ಪಲಿಗೆ ಅಂಟುತ್ತಿತ್ತು. ಮುಂದೆ ಅಕ್ಕ ಬರಿಗಾಲಲ್ಲಿ. ಅವಳು ಕಾಲನ್ನು ಪೂರ್ತಿ ಊರುತ್ತಿರಲಿಲ್ಲ. ಹಿಂದೆ ಮುಕ್ಕಾಲು ಕೊಡ ನೀರು, ಸಡಿಲಾದ ಸಿಂಬಿಯಲ್ಲಿ ಠಣ್ ಠಣ್, ಬುಳುಕ್ ಬುಳುಕ್. ಬಹಳ ದೂರ ಹೋದ ಮೇಲೆ ನನಗೆ ತಿಳಿಯಿತು. ಈ ನೀರಿನ ಸದ್ದು ಅವಳಿಗೂ ಕೇಳಿಸುತ್ತಿದೆ. ಬಾಯಾರಿದವಳ ಹಿಂದೆ ನಾನು ಅಷ್ಟು ಹೊತ್ತು ನೀರು ಕುಲುಕಿಸುತ್ತ ಬಂದಿದ್ದೆ. ಗಾಡಿ ನಿಲ್ಲಿಸಿ ಅಷ್ಟನ್ನೂ ಒಂದು ಜಾಲಿಗಿಡದ ಬುಡಕ್ಕೆ ಸುರಿದೆ. ಖಾಲಿ ಕೊಡ ಇನ್ನೂ ಜೋರಾಗಿ ಸದ್ದು ಮಾಡಿತು.

ಅವರು ಸಾಂಗ್ಲಿ ಮುಟ್ಟಿದ ದಿನ ನಾನು ಸೇತುವೆಯ ಮೇಲೆ ನಿಂತು ಆ ಪಟ್ಟಾವನ್ನು ಕೃಷ್ಣೆಗೆ ಎಸೆದೆ. ಪಾಪ ತೊಳೆಯಿತು ಎಂದೇನೂ ಅಲ್ಲ, ಅದರ ಮುಖ ನೋಡಲಾಗುತ್ತಿರಲಿಲ್ಲ. ಉಳಿದ ದಿನ ಹರಿಪುರದ ಬಾವಿಯಿಂದ ಎರಡೆರಡು ಸಲ ಓಡಾಡಿ, ಅರ್ಧರ್ಧ ಕೊಡ ಕೂಡಿಸಿ ತಂದೆ. ಊಟಗಳು ಸರಿಯಾಗಿ ನಡೆದವು. ನನ್ನ ರೂಢಿಯೂ ಪೂರ್ತಿಯಾಯಿತು. ವಂದಾಮಿ ಮಾತಾಜಿ, ಹೌದ್ರಿ ಮಾತಾಜಿ, ತರತೇನ್ರಿ ಮಾತಾಜಿ. ನಾಲಿಗೆ ಎಲ್ಲೂ ತೊಡರಲಿಲ್ಲ.

ಹತ್ತನೆಯ ದಿನ ಬೆಳಿಗ್ಗೆ ಅವರು ಸೇತುವೆ ದಾಟಿದರು. ಸಾಂಗ್ಲಿವಾಡಿಯ ಆಚೆ ಬೇರೆ ಊರಿನವರು ಚೌಕಾ ವಹಿಸಿಕೊಳ್ಳುವವರಿದ್ದರು. ನನ್ನ ಕೆಲಸ ಅಲ್ಲಿಗೆ ಮುಗಿಯಿತು. ನಾನು ಗಾಡಿ ತಳ್ಳುತ್ತ ಹಿಂದೆ ನಡೆಯುತ್ತಿದ್ದೆ. ಹಿರಿಯರು ಹತ್ತು ಹೆಜ್ಜೆ ಮುಂದಿದ್ದರು. ನಡುಸೇತುವೆಯಲ್ಲಿ ಅಕ್ಕ ನಿಧಾನ ಮಾಡಿದಳು, ನನ್ನ ಗಾಡಿಯ ಸರಿಸಮಕ್ಕೆ ಬಂದಳು. ಮುಖ ತಿರುಗಿಸದೆ, ರಸ್ತೆ ನೋಡುತ್ತಲೇ ಕೇಳಿದಳು:

"ಭರತ್ಯಾ, ಅದು ಬಾಬಾನ ಚೀಲದ ಪಟ್ಟಾ ಅಲಾ?"

ಹ್ಯಾಂಡಲ್ ಬಿಟ್ಟು ನನ್ನ ಒಂದು ಕೈ ತಾನಾಗಿ ನಮಸ್ಕಾರಕ್ಕೆ ಎದೆಗೆ ಬಂತು. "ಹೌದ್ರಿ ಮಾತಾಜಿ," ಅಂದೆ. "ಹೊಳಿಗಿ ಒಗದ ಬಿಟ್ನಿರಿ ಮಾತಾಜಿ."

ಅವಳು ಕಟಾಂಜನದ ಆಚೆ ನೀರನ್ನು ನೋಡಿದಳು. ಬೇಸಿಗೆಯ ಹೊಳೆ, ಅಲುಗಾಡದ ಹಸಿರು ನೀರು.

"ಆತು," ಅಂದು, ಹೆಜ್ಜೆ ಜೋರು ಮಾಡಿ ಹಿರಿಯರನ್ನು ಕೂಡಿಕೊಂಡಳು.

ನಾನು ಗಾಡಿ ತಳ್ಳುತ್ತ ಹೋದೆ. ಪಟ್ಟಾ ಎಸೆದದ್ದು ಸರಿಯೋ ತಪ್ಪೋ ಎಂದು ಯೋಚಿಸುತ್ತಿದ್ದೆ. ಸೇತುವೆ ಇಳಿದು, ಸಾಂಗ್ಲಿವಾಡಿಯ ಮೊದಲ ಮನೆಗಳು ಬಂದು, ಅವರಿಬ್ಬರೂ ತಿರುವಿನಲ್ಲಿ ಮರೆಯಾದ ಮೇಲೆ ನನಗೆ ಹೊಳೆಯಿತು. ಹತ್ತು ದಿನ ನಾನು ಕಾದದ್ದು ಬಂದು ಹೋಗಿತ್ತು. ಅವಳು ಭರತ್ಯಾ ಎಂದು ಕರೆದಿದ್ದಳು, ನಾನು ಎರಡು ಸಲ ಮಾತಾಜಿ ಅಂದಿದ್ದೆ.